ಎಂಟುನೂರ ತೊಂಬತ್ತಾರು

ನನ್ನ ಊರು ಬಿಳೂರ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಅಪ್ಪನ ತಗಡಿನ ಟ್ರಂಕಿನಲ್ಲಿ ಹೊಲದ ಸಾತಬಾರಾ ಉತಾರ ನಾಗರಿ ಲಿಪಿಯಲ್ಲಿತ್ತು. ಅದರ ಮೇಲೆಯೇ ಮಡಚಿಟ್ಟ ನನ್ನ ಶಾಲೆಯ ಪ್ರಗತಿಪತ್ರ ಕನ್ನಡದಲ್ಲಿತ್ತು. ಗಡಿಭಾಗದ ಮಕ್ಕಳಿಗೆ ಎರಡು ಲಿಪಿಗಳ ನಡುವಿನ ಓಡಾಟವು ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಹೋಗಿ ಬಂದಷ್ಟೇ ಸಹಜ. ಆ ಓಡಾಟವನ್ನು ಒಂದು ಯಂತ್ರಕ್ಕೆ ಕಲಿಸಲು ಹೋಗಿ ನಾನು ಮಾಡಿದ ತಪ್ಪುಗಳನ್ನೂ, ಆ ತಪ್ಪುಗಳಿಂದ ಕಲಿತ ಕೆಲವು ನಿತ್ಯೋಪಯೋಗಿ ಪಾಠಗಳನ್ನೂ ಈ ಸಂಚಿಕೆಯ ಓದುಗರ ಮುಂದಿಡಬೇಕೆಂದು ಈ ಬರಹ.

ನನ್ನ ಉದ್ಯೋಗ ಗಣಕಯಂತ್ರದ್ದು. ಆದರೆ ಇಲ್ಲಿ ಹೇಳಹೊರಟಿರುವುದು ಉದ್ಯೋಗದ ದೊಡ್ಡ ಕೆಲಸಗಳ ವಿಷಯವಲ್ಲ. ಸಂಜೆಯ ಹೊತ್ತು ಹತ್ತಿಪ್ಪತ್ತು ಸಾಲುಗಳಲ್ಲಿ ಬರೆದು ಮುಗಿಸುವ ಸಣ್ಣ ಕೆಲಸಗಳದ್ದು. ಇಂಥ ಕೆಲಸಗಳಿಗೆ ಒದಗುವ ಭಾಷೆಗಳನ್ನು ಸ್ಕ್ರಿಪ್ಟಿಂಗ್ ಭಾಷೆಗಳೆನ್ನುತ್ತಾರೆ. ಬರೆದ ಕೂಡಲೇ ಓಡಿಸಿ ನೋಡಬಹುದು, ತಪ್ಪಿದರೆ ತಿದ್ದಿ ಮತ್ತೆ ಓಡಿಸಬಹುದು. 1977ರಲ್ಲಿ ಬಂದ ಆಕ್, 1987ರ ಪರ್ಲ್, 1991ರಲ್ಲಿ ಡಚ್ ಗಣಕತಜ್ಞ ಗೀಡೋ ವಾನ್ ರಾಸಮ್ ಹೊರತಂದ ಪೈಥಾನ್ ಇವೆಲ್ಲ ಆ ಕುಲದವು. ಪೈಥಾನ್ ಎಂಬ ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ; ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದಿಂದ ಬಂದದ್ದು. ನನಗೆ ಒಗ್ಗಿದ್ದು ಈ ಭಾಷೆ. ಇದರ ಇತ್ತೀಚಿನ ರೂಪದಲ್ಲಿ ಕನ್ನಡ ಅಂಕಿಗಳಲ್ಲಿ ಬರೆದ ೧೨ನ್ನು ಕೊಟ್ಟರೂ ಅದು ಹನ್ನೆರಡೆಂದೇ ಗ್ರಹಿಸುತ್ತದೆ. ಹೆಸರು, ಊರು, ಒಟ್ಟು ಎಂದು ನಮ್ಮ ಲೆಕ್ಕದ ಚರಗಳಿಗೆ ಕನ್ನಡದಲ್ಲಿಯೇ ಹೆಸರಿಡಲೂ ಅಡ್ಡಿಯಿಲ್ಲ. ಇದನ್ನು ಮೊದಲ ಸಲ ಕಂಡ ದಿನ ನನಗಾದ ಸಂತೋಷ ಸಣ್ಣದಲ್ಲ.

ಕೆಲವು ವರ್ಷಗಳ ಹಿಂದೆ, ಗಡಿಯೂರುಗಳಿಂದ ನಗರಕ್ಕೆ ಬಂದು ನೆಲೆಸಿದ ನಮ್ಮ ಬಳಗದವರು ಸದಸ್ಯರ ಹೆಸರುಗಳ ಒಂದು ಕೈಪಿಡಿ ತರಬೇಕೆಂದರು. ಮನೆಮನೆಗೆ ಹೋಗಿ ಹೆಸರು ಕೂಡಿಸಿದವರು ಕಾರ್ಯಕರ್ತ ಗೆಳೆಯರು. ಆದರೆ ಹೆಚ್ಚಿನವರ ಗುರುತಿನ ಕಾಗದಗಳು ಮರಾಠಿಯಲ್ಲಿದ್ದುದರಿಂದ ಹೆಸರುಗಳೂ ನಾಗರಿಯಲ್ಲೇ ದಾಖಲಾದವು. ಸಾವಿರಕ್ಕೂ ಮಿಕ್ಕಿದ ಹೆಸರುಗಳು. ಇವನ್ನು ಕನ್ನಡಕ್ಕೆ ತಿರುಗಿಸುವವರು ಯಾರು? "ಒಂದು ಸಂಜೆಯ ಕೆಲಸ, ನನಗೆ ಬಿಡಿ" ಎಂದು ನಾನು ಎದ್ದು ನಿಂತೆ.

ಹಾಗೆ ಹೇಳಲು ಕಾರಣವಿತ್ತು. ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿಕೊಟ್ಟ ಯೂನಿಕೋಡ್ ವ್ಯವಸ್ಥೆಯಲ್ಲಿ ನಾಗರಿಯ ಕೇರಿ 2304ರಿಂದ ಆರಂಭ, ಕನ್ನಡದ್ದು 3200ರಿಂದ. ಒಂದೊಂದು ಕೇರಿಯಲ್ಲಿ 128 ಮನೆಗಳು. ನಾಗರಿಗೂ ಕನ್ನಡಕ್ಕೂ ನಡುವೆ ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು ಎಂಬ ಆರು ಕೇರಿಗಳು. ಭಾರತೀಯ ಲಿಪಿಗಳಿಗಾಗಿ ಮೊದಲೇ ರೂಪುಗೊಂಡಿದ್ದ ಇಸ್ಕಿ ಎಂಬ ಸಂಕೇತ ಪದ್ಧತಿಯ ವಿನ್ಯಾಸವನ್ನು ಯೂನಿಕೋಡ್ ಅನುಸರಿಸಿದ್ದರಿಂದ, ಎಲ್ಲ ಕೇರಿಗಳಲ್ಲಿಯೂ ಮನೆಗಳ ಕ್ರಮ ಬಹುಮಟ್ಟಿಗೆ ಒಂದೇ. ನಾಗರಿಯ ಕಕಾರ 2325, ಕನ್ನಡದ ಕಕಾರ 3221. ವ್ಯತ್ಯಾಸ 896. ಖಕಾರಕ್ಕೂ ಅಷ್ಟೇ, ಳಕಾರಕ್ಕೂ ಅಷ್ಟೇ, ಅನುಸ್ವಾರಕ್ಕೂ ಅಷ್ಟೇ. ಅಂದರೆ ನಾಗರಿಯ ಪ್ರತಿ ಅಕ್ಷರದ ಸಂಖ್ಯೆಗೆ 896 ಕೂಡಿಸಿದರೆ ಕನ್ನಡ ಅಕ್ಷರ ದೊರೆಯುತ್ತದೆ. ಗಡಿಯ ಇತ್ತ ಕಡೆಗೂ ಅತ್ತ ಕಡೆಗೂ ಇರುವ ದೂರ ಇಷ್ಟೇ ಎಂದು ಯಾರೋ ಅಳೆದು ಹೇಳಿದಂತಾಗಿತ್ತು ನನಗೆ.

ಸ್ಕ್ರಿಪ್ಟು ಬರೆಯಲು ಹತ್ತು ನಿಮಿಷ ಹಿಡಿಯಿತು. ಪರೀಕ್ಷಿಸಬೇಕಲ್ಲ? ನಾಗರಿಯಲ್ಲಿ ನಮ್ಮೂರ ಹೆಸರು ಬರೆದು ಕೊಟ್ಟೆ. ಬಕಾರ, ಇಕಾರದ ಗುಣಿತ, ಳಕಾರ, ಊಕಾರದ ಗುಣಿತ, ರಕಾರ: ಐದು ಸಂಖ್ಯೆಗಳು ಹೋಗಿ ಐದು ಸಂಖ್ಯೆಗಳು ಬಂದವು. ಪರದೆಯ ಮೇಲೆ "ಬಿಳೂರ" ಎಂದು ಮೂಡಿತು. ಒಂದು ಕೂದಲೂ ಕೊಂಕಿರಲಿಲ್ಲ. ನನ್ನ ಕಣ್ಣು ಒದ್ದೆಯಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಅಂದೇ ರಾತ್ರಿ ಇಡೀ ಪಟ್ಟಿಯನ್ನು ತಿರುಗಿಸಿ, ಮರುದಿನ ಮುದ್ರಣಕ್ಕೆ ಕಳುಹಿಸಿದೆ.

ಕೈಪಿಡಿ ಬಿಡುಗಡೆಯಾದ ದಿನ, ನಮ್ಮ ಭಾಗದ ಕನ್ನಡ ಶಾಲೆಯೊಂದರಿಂದ ನಿವೃತ್ತರಾದ ಹಿರಿಯ ಗುರುಗಳೊಬ್ಬರು ಕನ್ನಡಕ ಏರಿಸಿಕೊಂಡು ತಮ್ಮ ಹೆಸರನ್ನು ಹುಡುಕಿದರು. ಅವರ ಹೆಸರಿನ ಮೊದಲ ಅಕ್ಷರ 'ಹೊ'. ಪುಸ್ತಕದಲ್ಲಿ ಅದು 'ಹೋ' ಆಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ಮೂವತ್ತ ವರ್ಷ ಹುಡುಗರಿಗೆ ಹ್ರಸ್ವ-ದೀರ್ಘ ಕಲಿಸೇನಿ. ಈಗ ನನ್ನ ಹೆಸರಿಗೇ ದೀರ್ಘ ಹಚ್ಚಿಬಿಟ್ಟೆಲ್ಲೊ" ಎಂದು ನಕ್ಕರು. ನಗು ಅವರದಾಗಿತ್ತು, ನನಗೆ ನೆಲ ಕುಸಿದಂತಾಯಿತು.

ತಪ್ಪು ಎಲ್ಲಿತ್ತೆಂದು ಕನ್ನಡ ಶಾಲೆಯಲ್ಲಿ ಕಲಿತವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡಕ್ಕೆ ಎ-ಏ, ಒ-ಓ ಎಂಬ ಎರಡೆರಡು ಸ್ವರಗಳಿವೆ. ಮರಾಠಿಯ ಬರವಣಿಗೆಯಲ್ಲಿ ಒಂದೊಂದೇ. ಆ ಒಂದಕ್ಕೆ 896 ಕೂಡಿಸಿದರೆ ಸಿಗುವುದು ಕನ್ನಡದ ದೀರ್ಘ ಸ್ವರ. ಹೀಗಾಗಿ ಕೆಂಚವ್ವಂದಿರೆಲ್ಲ ಕೇಂಚವ್ವಾ ಆಗಿದ್ದರು, ಹೊನ್ನಪ್ಪಂದಿರು ಹೋನ್ನಪ್ಪಾ ಆಗಿದ್ದರು, ದೊಡ್ಡಪ್ಪಂದಿರು ದೋಡ್ಡಪ್ಪಾ ಆಗಿದ್ದರು. ಮರಾಠಿಯಲ್ಲಿ ಪದದ ಕೊನೆಯ ಇಕಾರ ಉಕಾರಗಳನ್ನು ಸಾಮಾನ್ಯವಾಗಿ ದೀರ್ಘವಾಗಿ ಬರೆಯುತ್ತಾರಾದ್ದರಿಂದ ನಮ್ಮ ತಾಲ್ಲೂಕಿನ ಉಮದಿ ಉಮದೀ ಆಗಿತ್ತು. ಜತ್ತದ ಒತ್ತು ಹೋಗಿ ಜತ ಉಳಿದಿತ್ತು. ಸೊಲ್ಲಾಪುರ ಸೋಲಾಪೂರ ಆಗಿತ್ತು, ಬೆಳಗಾವಿ ಬೇಳಗಾವ ಆಗಿತ್ತು. ಇಂಗ್ಲಿಷಿನ ಸ್ವರವನ್ನು ಗುರುತಿಸಲು ಮರಾಠಿಯಲ್ಲಿ ಬಳಸುವ ಅರ್ಧಚಂದ್ರದ ಚಿಹ್ನೆಗೆ ಕನ್ನಡದ ಕೇರಿಯಲ್ಲಿ ಮನೆಯೇ ಇಲ್ಲ. ಹಾಗಾಗಿ ಡಾಕ್ಟರುಗಳ ಹೆಸರಿನ ಹಿಂದೆ ಒಂದೊಂದು ಖಾಲಿ ಚೌಕ ನಿಂತಿತ್ತು.

ನನ್ನ ಪರೀಕ್ಷೆಯಲ್ಲಿ ಇದೇಕೆ ಕಾಣಲಿಲ್ಲ? ನನ್ನ ಊರಿನ ಹೆಸರಿನಲ್ಲಿ ಎಕಾರವೂ ಇಲ್ಲ, ಒಕಾರವೂ ಇಲ್ಲ. ಒತ್ತಕ್ಷರವಿಲ್ಲ, ಕೊನೆಯ ಇಕಾರವಿಲ್ಲ. ಯಾವ ಹೆಸರು ಗಡಿಯನ್ನು ಸುಲಭವಾಗಿ ದಾಟುತ್ತದೆಯೋ ಅದನ್ನೇ ಆರಿಸಿಕೊಂಡು, ದಾಟಿತು ನೋಡಿ ಎಂದು ಬೀಗಿದ್ದೆ. ಅಂದಿನಿಂದ ನನ್ನ ಮೊದಲ ನಿಯಮ ಇದು: ಸ್ಕ್ರಿಪ್ಟು ಬರೆಯುವ ಮೊದಲೇ ಕೆಡಬಹುದಾದ ಹೆಸರುಗಳ ಒಂದು ಪುಟ್ಟ ಕಡತವನ್ನು ಮಾಡಿಟ್ಟುಕೊಳ್ಳುವುದು. ಎಡಗಡೆ ಕೊಡುವ ರೂಪ, ಬಲಗಡೆ ಬರಬೇಕಾದ ರೂಪ. ಒಂದು ಹ್ರಸ್ವದ್ದು, ಒಂದು ದೀರ್ಘದ್ದು, ಒಂದು ಒತ್ತಕ್ಷರದ್ದು, ಒಂದು ಅರ್ಕಾವೊತ್ತಿನದು, ಒಂದು ಖಾಲಿ ಸಾಲು, ಒಂದು ಅಲ್ಪವಿರಾಮವಿರುವ ವಿಳಾಸ. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಬದಲಿಸಿದರೂ ಆ ಕಡತವನ್ನು ಮತ್ತೊಮ್ಮೆ ಓಡಿಸಿ ನೋಡುವುದು. ಹೊಸ ತಪ್ಪು ಸಿಕ್ಕಾಗಲೆಲ್ಲ ಆ ಹೆಸರನ್ನೂ ಅಲ್ಲಿ ಸೇರಿಸುವುದು. ಗುರುಗಳ ಹೆಸರು ಇಂದಿಗೂ ಆ ಕಡತದ ಮೊದಲ ಸಾಲಿನಲ್ಲಿದೆ.

ಇದು ನಗುತ್ತ ಹೇಳಬಹುದಾದ ತಪ್ಪು. ಎರಡನೆಯದು ಹಾಗಲ್ಲ.

ಅದೇ ಪಟ್ಟಿಯಿಂದ ಬಡ ಮಕ್ಕಳ ಶಿಕ್ಷಣ ಸಹಾಯಕ್ಕೆ ಅರ್ಜಿ ಕೊಟ್ಟವರ ಹೆಸರುಗಳನ್ನು ಬೇರ್ಪಡಿಸಿಕೊಡುವ ಕೆಲಸವೂ ನನ್ನದಾಗಿತ್ತು. ಕೆಲವರ ಹೆಸರು ಎರಡೆರಡು ಸಲ ಬಂದಿತ್ತು, ಪುನರುಕ್ತಿಯನ್ನು ತೆಗೆಯಬೇಕಾಗಿತ್ತು. ಪೈಥಾನಿನಲ್ಲಿ ಕೋಶ ಎನ್ನಬಹುದಾದ ಒಂದು ಸಲಕರಣೆಯಿದೆ. ಒಂದು ಕೀಲಿಪದಕ್ಕೆ ಒಂದು ವಿವರವನ್ನು ಜೋಡಿಸಿಡುತ್ತದೆ. ಅದೇ ಕೀಲಿಪದ ಮತ್ತೆ ಬಂದರೆ ಹಳೆಯ ವಿವರವನ್ನು ಅಳಿಸಿ ಹೊಸದನ್ನು ಇಡುತ್ತದೆ. ಯಾವ ಸದ್ದೂ ಇಲ್ಲ, ಎಚ್ಚರಿಕೆಯೂ ಇಲ್ಲ. ನಾನು ಹೆಸರನ್ನೂ ಊರನ್ನೂ ಸೇರಿಸಿ ಕೀಲಿಪದ ಮಾಡಿದೆ. ಪುನರುಕ್ತಿಗಳು ತಾವಾಗಿಯೇ ಮಾಯವಾದವು.

ನಮ್ಮ ಕಡೆಯ ಊರುಗಳ ರೀತಿ ಬಲ್ಲವರಿಗೆ ಇಲ್ಲಿಯೇ ಅಪಾಯ ಕಂಡಿರುತ್ತದೆ. ಒಂದೇ ಊರಿನಲ್ಲಿ ಒಂದೇ ಅಡ್ಡಹೆಸರಿನ ಹತ್ತಾರು ಮನೆಗಳಿರುತ್ತವೆ. ಮನೆದೇವರು ಒಂದೇ ಆದ ಮೇಲೆ ಮಕ್ಕಳಿಗೆ ಇಡುವ ಹೆಸರುಗಳೂ ಅವೇ. ಒಂದೇ ಹೆಸರು, ಒಂದೇ ಅಡ್ಡಹೆಸರು, ಒಂದೇ ಊರಿನ ಇಬ್ಬರು ಹುಡುಗಿಯರು ಆ ಪಟ್ಟಿಯಲ್ಲಿದ್ದರು. ಯಂತ್ರ ಇಬ್ಬರನ್ನೂ ಒಬ್ಬಳೆಂದು ತಿಳಿಯಿತು. ಕೊನೆಗೆ ಬಂದವಳು ಉಳಿದಳು, ಮೊದಲು ಬಂದವಳು ಅಳಿಸಿಹೋದಳು.

ಸಹಾಯಧನ ಹಂಚಿ ಮುಗಿದು ಎರಡು ತಿಂಗಳಾದ ಮೇಲೆ, ಒಂದು ಕಾರ್ಯಕ್ರಮದಲ್ಲಿ ಬಾಗಿಲ ಬಳಿ ನಿಂತಿದ್ದ ತಾಯಿಯೊಬ್ಬಳು ನನ್ನನ್ನು ಗುರುತಿಸಿ ಹೇಳಿದಳು: "ಅಣ್ಣಾರ, ನಮ್ಮ ಹುಡುಗೀದು ಆಗಲಿಲ್ರಿ. ಇರಲಿ, ಬ್ಯಾರೆ ಯಾರಿಗೋ ನಮಗಿಂತ ತ್ರಾಸ ಇರಬೇಕ ಅಂತ ಸುಮ್ಮಕಾದ್ವಿ." ದೂರುವ ಧ್ವನಿ ಅದಾಗಿರಲಿಲ್ಲ. ಅವಳು ಮನೆಗೆಲಸಕ್ಕೆ ಹೋಗುವವಳು, ಗಂಡ ರಾತ್ರಿ ಕಾವಲುಗಾರ. ಹಿರಿಯರು ಕೂತು ವಿಚಾರಮಾಡಿ, ತೂಗಿನೋಡಿ, ತಮ್ಮ ಮಗಳನ್ನು ಬಿಟ್ಟಿದ್ದಾರೆಂದು ಅವರು ತಿಳಿದಿದ್ದರು. ಯಾರೂ ವಿಚಾರಮಾಡಿರಲಿಲ್ಲ. ಅವಳ ಅರ್ಜಿಯನ್ನು ಯಾರೂ ನೋಡಿಯೇ ಇರಲಿಲ್ಲ. ನನ್ನ ಒಂದು ಸಾಲು ಅವಳನ್ನು ಸದ್ದಿಲ್ಲದೆ ಅಳಿಸಿತ್ತು; ಆ ಮೌನವನ್ನು ಅವರು ತೀರ್ಪೆಂದು ಓದಿಕೊಂಡಿದ್ದರು.

ಅಂದು ರಾತ್ರಿ ಮೂಲ ಪಟ್ಟಿಯನ್ನೂ ಅಂತಿಮ ಪಟ್ಟಿಯನ್ನೂ ಎದುರುಬದುರು ಇಟ್ಟು ಕೂತೆ. ಬಳಗದ ಹಿರಿಯರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಮುಂದಿನ ತಿಂಗಳೇ ಆ ಹುಡುಗಿಗೆ ಹಣ ಕೊಡಿಸಿದರು. ಆದರೆ ಅವಳು ಸೇರಬೇಕೆಂದಿದ್ದ ತರಗತಿಯ ಕೊನೆಯ ದಿನಾಂಕ ಮುಗಿದಿತ್ತು. ಆರು ತಿಂಗಳು ತಡವಾಗಿ ಸೇರಿದಳು. ಆ ಆರು ತಿಂಗಳನ್ನು ಯಾವ ಸ್ಕ್ರಿಪ್ಟಿನಿಂದಲೂ ನಾನು ಮರಳಿ ತರಲಾರೆ.

ಆಗ ಅಪ್ಪನ ಮಾತು ನೆನಪಾಯಿತು. ಜೋಳದ ಚೀಲಗಳನ್ನು ಪೇಟೆಗೆ ಒಯ್ಯುವಾಗ ಅಪ್ಪ ಇದ್ದಿಲಿನಿಂದ ಗೋಡೆಯ ಮೇಲೆ ಚೀಲಕ್ಕೊಂದರಂತೆ ಗೆರೆ ಎಳೆಯುತ್ತಿದ್ದ. ಪೇಟೆಯಲ್ಲಿ ಇಳಿಸುವಾಗ ಮತ್ತೆ ಎಣಿಸುತ್ತಿದ್ದ. "ಎಣಿಸಿ ಏರಸಬೇಕು, ಎಣಿಸಿ ಇಳಸಬೇಕು. ನಡುವ ಹಾದಿ ನಮ್ಮ ಕೈಯಾಗ ಇಲ್ಲ" ಎನ್ನುತ್ತಿದ್ದ. ನಾನು ಓದಿದವನು, ಎಣಿಸದೆ ಏರಿಸಿದ್ದೆ, ಎಣಿಸದೆ ಇಳಿಸಿದ್ದೆ.

ಈಗ ನನ್ನ ಪ್ರತಿಯೊಂದು ಸ್ಕ್ರಿಪ್ಟಿನ ಕೊನೆಯಲ್ಲಿ ಮೂರು ಸಾಲುಗಳು ತಪ್ಪದೆ ಇರುತ್ತವೆ: ಒಳಗೆ ಬಂದ ಸಾಲುಗಳೆಷ್ಟು, ಹೊರಗೆ ಹೋದವೆಷ್ಟು, ಬಿಟ್ಟುಹೋದವೆಷ್ಟು ಮತ್ತು ಯಾವುವು. ಹೋದದ್ದೂ ಬಿಟ್ಟದ್ದೂ ಕೂಡಿ ಬಂದದ್ದಕ್ಕೆ ಸಮವಾಗದಿದ್ದರೆ ಸ್ಕ್ರಿಪ್ಟು ಅಲ್ಲಿಯೇ ನಿಲ್ಲಬೇಕು, ಕಡತ ಬರೆಯಬಾರದು. ಬಿಟ್ಟ ಸಾಲುಗಳು ಬೇರೆ ಕಡತಕ್ಕೆ ಹೋಗುತ್ತವೆ. ಅದನ್ನು ಒಬ್ಬ ಮನುಷ್ಯ ಓದುತ್ತಾನೆ. ಪ್ರತಿ ಅರ್ಜಿಗೂ ಒಂದು ಕ್ರಮಸಂಖ್ಯೆ. ಕೀಲಿಪದವಾಗುವುದು ಅದೇ ಹೊರತು ಹೆಸರಲ್ಲ. ಎರಡು ಸಲ ಬಂದಂತೆ ಕಾಣುವ ಹೆಸರುಗಳನ್ನು ಯಂತ್ರ ತೋರಿಸುತ್ತದೆ, ಅಳಿಸುವುದಿಲ್ಲ.

ಇನ್ನು ಕೆಲವು ಸಣ್ಣ ಅಭ್ಯಾಸಗಳನ್ನು ನಮ್ಮ ಸಂಘಸಂಸ್ಥೆಗಳ ಪಟ್ಟಿಗಳನ್ನು ನೋಡಿಕೊಳ್ಳುವ ಯುವಕ ಯುವತಿಯರಿಗಾಗಿ ಹೇಳುತ್ತೇನೆ. ಮೂಲ ಕಡತವನ್ನು ಎಂದಿಗೂ ತಿದ್ದಬೇಡಿ. ಅದನ್ನು ಓದಲು ಮಾತ್ರ ತೆರೆದು, ಫಲಿತಾಂಶವನ್ನು ಬೇರೆ ಹೆಸರಿನಲ್ಲಿ ಬರೆಯಿರಿ. ನನ್ನ ಬಳಿ ಮೂಲ ಉಳಿದಿದ್ದರಿಂದಲೇ ಆ ಹುಡುಗಿಯ ಅರ್ಜಿ ಮತ್ತೆ ಸಿಕ್ಕಿತು. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯನ್ನು ನೀವೇ ತುಂಡರಿಸಲು ಹೋಗಬೇಡಿ. ವಿಳಾಸದೊಳಗೆ ಒಂದು ಅಲ್ಪವಿರಾಮವಿದ್ದರೆ ಊರಿನ ಹೆಸರು ಫೋನ್ ಸಂಖ್ಯೆಯ ಜಾಗಕ್ಕೆ ಸರಿಯುತ್ತದೆ. ಅದನ್ನು ಓದಲೆಂದೇ ಪೈಥಾನಿನೊಂದಿಗೆ ಬರುವ ಸಿಎಸ್‌ವಿ ಎಂಬ ಸಲಕರಣೆಯಿದೆ. ಕಡತ ತೆರೆಯುವಾಗ ಅದು ಯುಟಿಎಫ್-8 ಸಂಕೇತದಲ್ಲಿದೆಯೆಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಒಂದು ಯಂತ್ರದಲ್ಲಿ ಸರಿಯಾಗಿ ಕಂಡ ಕನ್ನಡ ಇನ್ನೊಂದರಲ್ಲಿ ಕಲಸುಮೇಲೋಗರವಾದೀತು.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಯಂತ್ರಕ್ಕೆ ಬೇರೆಯಾಗಿರಬಹುದು. 'ಕೊ' ಎಂಬುದನ್ನು ಕಕಾರಕ್ಕೆ ಒಕಾರದ ಒಂದೇ ಚಿಹ್ನೆ ಹಚ್ಚಿಯೂ ಬರೆಯಬಹುದು, ಎಕಾರದ ಚಿಹ್ನೆಗೆ ಊಕಾರದ ಚಿಹ್ನೆ ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ; ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನಿನಲ್ಲೇ ಇದೆ. ಒಂದು ಸಾಲಿನ ಕೆಲಸ. ಅಕಾರಾದಿಯಲ್ಲಿಯೂ ಎಚ್ಚರ ಬೇಕು. ಯಂತ್ರ ಜೋಡಿಸುವುದು ಸಂಖ್ಯೆಯ ಕ್ರಮದಲ್ಲಿ. ಯೂನಿಕೋಡಿನಲ್ಲಿ ಳಕಾರ ಲಕಾರದ ಮಗ್ಗುಲಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ ಕೊನೆಯಲ್ಲಿದೆ. ನಿಘಂಟಿನಲ್ಲಿ 'ಬಿಸಿ' ಮೊದಲು, 'ಬಿಳಿ' ಆಮೇಲೆ, ಯಂತ್ರದಲ್ಲಿ ತಿರುವುಮುರುವು. ಳಕಾರವನ್ನು ಕೊನೆಗೆ ಒಯ್ಯುವ ನಾಲ್ಕು ಸಾಲುಗಳನ್ನು ಒಮ್ಮೆ ಬರೆದಿಟ್ಟುಕೊಂಡರೆ ಎಲ್ಲ ಪಟ್ಟಿಗಳಿಗೂ ಒದಗುತ್ತದೆ.

ನುಡಿ, ಬರಹಗಳಂಥ ತಂತ್ರಾಂಶಗಳಲ್ಲಿ ಹಿಂದೆ ಬೆರಳಚ್ಚು ಮಾಡಿಟ್ಟ ಕಡತಗಳು ನಮ್ಮ ಸಂಘಗಳ ಕಪಾಟಿನಲ್ಲಿ ಸಾಕಷ್ಟಿವೆ. ಕನ್ನಡ ಗಣಕ ಪರಿಷತ್ತಿನ ನುಡಿಯೂ, 1998ರಲ್ಲಿ ಶೇಷಾದ್ರಿವಾಸು ಅವರು ನೀಡಿದ ಬರಹವೂ ಇಲ್ಲದಿದ್ದರೆ ಆ ಕಾಲದ ನಮ್ಮ ಎಷ್ಟೋ ಸಂಚಿಕೆಗಳು ಹೊರಬರುತ್ತಿರಲಿಲ್ಲ. ಆದರೆ ಆ ಹಳೆಯ ಕಡತಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು. ಅವನ್ನು ಯೂನಿಕೋಡಿಗೆ ತರುವಾಗ ಅಕ್ಷರ ಬದಲಿಸಿದರಷ್ಟೇ ಸಾಲದು, ಕ್ರಮವನ್ನೂ ಬದಲಿಸಬೇಕು. 'ಧರ್ಮ' ಎಂಬಲ್ಲಿ ಅರ್ಕಾವೊತ್ತು ಅಲ್ಲಿ ಮಕಾರದ ಹಿಂದೆ ಕೂತಿರುತ್ತದೆ. ಯೂನಿಕೋಡಿನಲ್ಲಿ ರಕಾರವೇ ಮೊದಲು. ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ. ಇಂದು ಆ ಕಡತವನ್ನು ತೆರೆಯಬಲ್ಲ ಹಳೆಯ ಗಣಕ ಯಾರದಾದರೂ ಮನೆಯಲ್ಲಿದೆ. ನಾಳೆ ಇರುತ್ತದೆಯೆಂಬ ಭರವಸೆಯಿಲ್ಲ.

ಹ್ರಸ್ವ-ದೀರ್ಘದ ತೊಡಕು ಏನಾಯಿತೆಂದು ಕೇಳಬಹುದು. ಒಂದು ನಿಯಮ ಕಟ್ಟಲು ಯತ್ನಿಸಿದೆ. ಒತ್ತಕ್ಷರ ಅಥವಾ ಅನುಸ್ವಾರದ ಮುಂಚೆ ಬರುವ ಎಕಾರ, ಒಕಾರ ಹ್ರಸ್ವವೆಂದುಕೊಂಡೆ. ಕೆಂಚ, ಹೊನ್ನ, ದೊಡ್ಡ ಎಲ್ಲ ಸರಿಹೋದವು. ಆದರೆ ಸುರೇಂದ್ರ, ನರೇಂದ್ರರು ಸುರೆಂದ್ರ, ನರೆಂದ್ರರಾದರು. ಅವರನ್ನು ಹೊರಗಿಟ್ಟು ನಿಯಮ ಮಾಡಿದರೆ ಮತ್ತೊಂದು ಹೆಸರು ಕೆಟ್ಟಿತು. ಕೊನೆಗೆ ಅರ್ಥವಾಯಿತು: ಮರಾಠಿಯ ಕಾಗದಕ್ಕೆ ಏರುವಾಗಲೇ ಆ ಭೇದ ಇಳಿದುಹೋಗಿದೆ. ಇಲ್ಲದ್ದನ್ನು ಯಾವ ಲೆಕ್ಕದಿಂದಲೂ ಹುಟ್ಟಿಸಲಾಗದು, ಬಲ್ಲವರನ್ನು ಕೇಳಬೇಕು. ಅಂದಿನಿಂದ ನನ್ನ ಸ್ಕ್ರಿಪ್ಟು ಆ ನಾಲ್ಕು ಸ್ವರಗಳಿರುವ ಹೆಸರುಗಳನ್ನೆಲ್ಲ ಆರಿಸಿ, ಫೋನ್ ಸಂಖ್ಯೆಯೊಡನೆ ಬೇರೆ ಪಟ್ಟಿ ಮಾಡಿಕೊಡುತ್ತದೆ. ಭಾನುವಾರ ನಾವು ನಾಲ್ಕೈದು ಜನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ. ಆರು ತಿಂಗಳು ತಡವಾಗಿ ತರಗತಿಗೆ ಸೇರಿದ ಆ ಹುಡುಗಿಯೂ ಈಗ ನಮ್ಮೊಡನೆ ಕೂರುತ್ತಾಳೆ. ಎಣಿಕೆಯ ಸಾಲುಗಳನ್ನು ಎರಡೆರಡು ಸಲ ನೋಡುವವಳು ಅವಳೇ.

ಕಳೆದ ಸಲ ಹೀಗೆ ಕರೆ ಮಾಡುವಾಗ, ನಮ್ಮ ತಾಲ್ಲೂಕಿನ ಹಳ್ಳಿಯ ಅಜ್ಜಿಯೊಬ್ಬಳು ಫೋನ್ ಎತ್ತಿದಳು. "ಅಜ್ಜೀ, ನಿಮ್ಮ ಹೆಸರು ಕನ್ನಡದಾಗ ಹೆಂಗ ಬರೀತಾರ? ಮೊದಲಿನ ಅಕ್ಷರ ಗಿಡ್ಡದೋ ಉದ್ದದೋ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನ್ನ ಹೆಸರ ಕನ್ನಡದಾಗ ಯಾರೂ ಬರದೇ ಇಲ್ಲಪಾ. ರೇಶನ್ ಚೀಟಿ ಮರಾಠಿ, ಉತಾರ ಮರಾಠಿ. ನಾ ಸಾಲಿಗಿ ಹೋದಾಕಿ ಅಲ್ಲ. ನೀನ ಬರದು ತೋರಸು" ಎಂದಳು. ಹೆಸರನ್ನು ಎರಡು ಸಲ ಗಟ್ಟಿಯಾಗಿ ಹೇಳಿಸಿಕೊಂಡೆ. ಹ್ರಸ್ವವೇ. ಒಂದು ಹಾಳೆಯ ಮೇಲೆ ದೊಡ್ಡದಾಗಿ "ಕೆಂಚವ್ವ" ಎಂದು ಕೈಯಿಂದಲೇ ಬರೆದು, ಚಿತ್ರ ತೆಗೆದು ಅವಳ ಮೊಮ್ಮಗನ ಫೋನಿಗೆ ಕಳುಹಿಸಿದೆ.

ಮರುದಿನ ಬೆಳಿಗ್ಗೆ ಮೊಮ್ಮಗನ ಕರೆ ಬಂತು. "ಕಾಕಾ, ಅಜ್ಜಿ ರಾತ್ರಿಯಿಂದ ಅದನ್ನ ಹಿಡಕೊಂಡ ಕುಂತಾಳ. ಇದರಾಗ 'ಕೆ' ಯಾವುದು ಅಂತ ಕೇಳಾಕತ್ತಾಳರಿ."